ಅಪ್‌ಡೇಟ್: ಬಾಲ್ ಜಾಯಿಂಟ್ ಕೊನೆಗೂ ಬಿಟ್ಟಿತು!

ಕಾರಿನ ಕೆಳಗಿನ ಬಾಲ್ ಜಾಯಿಂಟ್ (ಚಕ್ರದ ಕಡೆಯ ಭಾಗವನ್ನು ಸಸ್ಪೆನ್ಷನ್‌ನ ಲೋವರ್ ಆರ್ಮ್‌ಗೆ ಜೋಡಿಸುವ ಗುಂಡು ಕೀಲು) ನಕಲ್‌ನಿಂದ (ಚಕ್ರವನ್ನು ಹೊರುವ ಲೋಹದ ಭಾಗ) ಅಲುಗಾಡ್ತಾನೇ ಇಲ್ಲ, ಹೇಗೆ ಬಿಡಿಸೋದು ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಇವತ್ತು ಬಂತು.

ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೂ ಪ್ರಯೋಜನ ಆಗಿರಲಿಲ್ಲ. ಜಾಯಿಂಟಿನ ಪಿನ್ನಿನ ತುದಿಗೆ ಹೊಡೆಯುತ್ತಿದ್ದೆ, ಅದೇ ತಪ್ಪು. ಥ್ರೆಡ್ ಹಾಳಾಗುತ್ತದೆ ಅಷ್ಟೆ. ನೀವು ಹೇಳಿದ ಹಾಗೆ ನಟ್ಟನ್ನು ಪೂರ್ತಿ ತೆಗೆಯದೆ ಸಡಿಲ ಮಾಡಿದೆ. ನನ್ನ ತಮ್ಮ ಒಂದು ಉದ್ದನೆಯ ಸರಳಿನಿಂದ ಲೋವರ್ ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿದ. ಪಿನ್ ಕೂತಿರುವ ನಕಲ್‌ನ ಪಕ್ಕಕ್ಕೆ ದೊಡ್ಡ ಸುತ್ತಿಗೆಯಿಂದ ಹೊಡೆದೆ. ಐದನೇ ಏಟಿಗೆ ಠಪ್ ಅಂತ ಬಿಟ್ಟಿತು! ನಟ್ಟು ಇದ್ದಿದ್ದರಿಂದ ಆರ್ಮ್ ಚಿಮ್ಮಲಿಲ್ಲ.

ನನ್ನದು ಕಬ್ಬಿಣದ ನಕಲ್. ಅಲ್ಯೂಮಿನಿಯಂ ಆದರೆ ಹೀಗೆ ಹೊಡೆಯಬೇಡಿ, ಪುಲ್ಲರ್ (ಜಾಯಿಂಟ್ ಬಿಡಿಸುವ ಉಪಕರಣ) ಬಳಸಿ.

ಹೊಸದಕ್ಕೆ ಕಾಟರ್ ಪಿನ್ (ನಟ್ಟು ಸಡಿಲವಾಗದಂತೆ ತೂತಿನಲ್ಲಿ ಹಾಕಿ ಮಡಚುವ ಪಿನ್) ಹಾಕುವಾಗ ತೂತು ಸರಿಹೊಂದದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಿ, ಸಡಿಲ ಮಾಡಲೇಬೇಡಿ. ನಾಳೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸುತ್ತೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.