ಶಿರಸಿ ಕಡೆ ಮನೆಗೆ ಸೋಲಾರಾ, ಹಳ್ಳದ ಕರೆಂಟಾ, ಗೋಬರ್ ಗ್ಯಾಸಾ? ಮಾಡಿ ನೋಡಿದವರು ಹೇಳಿ

ಬೆಂಗಳೂರು ಬಿಟ್ಟು ಊರಿಗೆ ಬಂದು ಒಂದು ವರ್ಷ ಆಯಿತು. ಶಿರಸಿಯಿಂದ ಸಿದ್ದಾಪುರ ರಸ್ತೆಯಲ್ಲಿ ಹೋಗಿ ಒಳಗೆ ಇಳಿಯಬೇಕು. ಅಪ್ಪ, ಅಮ್ಮ, ನಾವಿಬ್ಬರು, ಮಗಳು. ಎರಡು ಎಕರೆ ಅಡಿಕೆ ತೋಟ, ನಾಲ್ಕು ದನ, ತೋಟದ ತಲೆಗೆ ಒಂದು ಹಳ್ಳ. ಹೋದ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಐದು ದಿನ ಕತ್ತಲು. 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಎಲ್ಲ ಸರಿಯಾಗುತ್ತದೆ ಅಂತ ಪೇಟೆಯ ಅಂಗಡಿಯವರು ಹೇಳುತ್ತಿದ್ದಾರೆ. ಹೌದಾ? ಅನುಭವ ಇದ್ದವರು ತಿಳಿಸಿ.

ಯಲ್ಲಾಪುರದಿಂದ

ಅಣ್ಣ, ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ನಾನು ಕೊಟ್ಟು ಕೆಟ್ಟವನು.

ಆನ್‌ಗ್ರಿಡ್ ಸೋಲಾರ್‌ನಲ್ಲಿ, ಅಂದರೆ ಬ್ಯಾಟರಿ ಇಲ್ಲದೆ ಸರ್ಕಾರಿ ಲೈನಿಗೇ ಜೋಡಿಸುವುದರಲ್ಲಿ, ಲೈನ್ ಹೋದರೆ ನಿಮ್ಮ ಇನ್ವರ್ಟರ್ ಕೂಡ ತಾನಾಗಿ ಬಂದ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹೋದ ಕರೆಂಟ್ ಹೊಡೆಯಬಾರದು ಅಂತ ಈ ಏರ್ಪಾಡು. ಅದು ಸರಿಯೇ. ಆದರೆ ಮಾರಿದವರು ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮಾಡಿನ ಮೇಲೆ ಪ್ಯಾನಲ್, ಮೇಲೆ ಒಳ್ಳೆ ಬಿಸಿಲು, ಒಳಗೆ ಮಿಕ್ಸಿ ತಿರುಗುವುದಿಲ್ಲ. ಅಮ್ಮ ಒರಳಲ್ಲಿ ಚಟ್ನಿ ರುಬ್ಬುತ್ತಾ ನನ್ನ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಲೆಕ್ಕ. ಗೃಹಜ್ಯೋತಿ ಬಂದ ಮೇಲೆ ನಮ್ಮಂಥ ಮನೆಗಳ ಬಿಲ್ಲೇ ಸೊನ್ನೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಬಿಲ್ಲೇ ಬರದ ಮನೆಯಲ್ಲಿ ಉಳಿಸುವುದು ಏನನ್ನು? ನಿಮ್ಮ ತಾಪತ್ರಯ ಬಿಲ್ಲಿನದಲ್ಲ, ಕತ್ತಲಿನದು. ಅದಕ್ಕೆ ಬ್ಯಾಟರಿ ಇರುವ ಸೆಟ್ ಬೇಕು. ಜೊತೆಗೆ ಫ್ಯಾನ್ ಬದಲಿಸಿ. ಹಳೇ ಫ್ಯಾನ್ 75 ವ್ಯಾಟ್ ತಿಂದರೆ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟರಿನ ಫ್ಯಾನ್ 30ರ ಆಸುಪಾಸು. ಅದೇ ಬ್ಯಾಟರಿಯಲ್ಲಿ ಎರಡರಷ್ಟು ಹೊತ್ತು ತಿರುಗುತ್ತದೆ.

ಸಿದ್ದಾಪುರದಿಂದ

ಹಳ್ಳ ಇದೆ ಅಂದಿರಲ್ಲ, ಅಲ್ಲಿಂದ ಶುರು ಮಾಡಿ. ಬಿಸಿಲು ಇಲ್ಲದ ನಾಲ್ಕು ತಿಂಗಳೇ ಹಳ್ಳದಲ್ಲಿ ನೀರು ಜಾಸ್ತಿ. ನಮಗೆ ಕರೆಂಟ್ ಕೈಕೊಡುವುದೂ ಆಗಲೇ.

ನಮ್ಮಲ್ಲಿ 1 ಕಿಲೋವ್ಯಾಟ್‌ನ ಪಿಕೋ ಹೈಡ್ರೋ, ಅಂದರೆ ಹಳ್ಳದ ನೀರಿನಿಂದ ಕರೆಂಟ್ ಮಾಡುವ ಪುಟ್ಟ ಯಂತ್ರ, ಒಂಬತ್ತು ವರ್ಷದಿಂದ ಓಡುತ್ತಿದೆ. ಮೇಲೆ ಸಣ್ಣ ಕಟ್ಟು, ಅಲ್ಲಿಂದ ಪೈಪು, ಕೆಳಗೆ ಟರ್ಬೈನ್ ಕೂರಿಸಿದ ಪುಟ್ಟ ಗೂಡು. ಬೆಟ್ಟದ ಅಬ್ಬಿ ನೀರು ಪೈಪಿನಲ್ಲಿ ಮನೆಗೆ ತಂದ ಹಾಗೇ, ಕೊನೆಯಲ್ಲಿ ಒಂದು ಚಕ್ರ ಜಾಸ್ತಿ ಅಷ್ಟೆ. ತಿರುಗಿ ಬಂದ ನೀರು ಸೀದಾ ತೋಟದ ಕಾಲುವೆಗೆ ಹೋಗುತ್ತದೆ. ಒಂದು ಹನಿಯೂ ನಷ್ಟ ಇಲ್ಲ.

ಯಾರನ್ನೂ ಕರೆಸುವ ಮೊದಲು ನೀವೇ ಎರಡು ಅಳತೆ ತೆಗೆದುಕೊಳ್ಳಿ. ಒಂದು, ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ. ಗಾರೆಯವರ ಹತ್ತಿರ ಮಟ್ಟ ನೋಡುವ ಪಾರದರ್ಶಕ ಪೈಪು ಇರುತ್ತದಲ್ಲ, ಅದರಲ್ಲಿ ಹಂತ ಹಂತವಾಗಿ ಅಳೆಯುತ್ತಾ ಬನ್ನಿ. ಎರಡು, ಸೆಕೆಂಡಿಗೆ ಎಷ್ಟು ಲೀಟರ್. ಹಳ್ಳವನ್ನು ಹಾಳೆಯಿಂದಲೋ ತಗಡಿನಿಂದಲೋ ಒಂದು ಕಡೆ ಕೂಡಿಸಿ, ದೊಡ್ಡ ಡ್ರಮ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. ಲೀಟರನ್ನು ಮೀಟರಿನಿಂದ ಗುಣಿಸಿ, ಬಂದದ್ದನ್ನು 5ರಿಂದ ಗುಣಿಸಿ. ಅಂದಾಜು ವ್ಯಾಟ್ ಸಿಕ್ಕಿತು. ಸರಿಯಾಗಿ ಗುಣಿಸಬೇಕಾದ್ದು 9.8ರಿಂದ, ಆದರೆ ಪೈಪಿನಲ್ಲಿ, ಟರ್ಬೈನಿನಲ್ಲಿ ಅರ್ಧ ಹೋಗುತ್ತದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಇಳಿದರೆ ಹತ್ತಿರ ಹತ್ತಿರ 1,000 ವ್ಯಾಟ್. ಆಗಸ್ಟ್‌ನ ಹಳ್ಳ ನೋಡಿ ಲೆಕ್ಕ ಹಾಕಬೇಡಿ. ಡಿಸೆಂಬರ್‌ನಲ್ಲಿ ಇನ್ನೊಂದು ಸಲ ಅಳೆಯಿರಿ.

1,000 ವ್ಯಾಟ್ ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಇದು ರಾತ್ರಿ ಹಗಲು ಬರುವ ಕರೆಂಟು. ದಿನಕ್ಕೆ 24 ಯೂನಿಟ್ ಆಯಿತು. 1 ಕಿಲೋವ್ಯಾಟ್ ಸೋಲಾರ್ ಒಳ್ಳೆ ಬಿಸಿಲಿನ ದಿನ ಕೊಡುವುದು ಸುಮಾರು 4 ಯೂನಿಟ್.

ಮನೆಯಲ್ಲಿ ಖರ್ಚಾಗದ ಕರೆಂಟ್ ಎಲ್ಲಾದರೂ ಸುಡಲೇಬೇಕು, ಇಲ್ಲದಿದ್ದರೆ ಟರ್ಬೈನ್ ಹುಚ್ಚೆದ್ದು ತಿರುಗುತ್ತದೆ. ಅದಕ್ಕೆ ಒಂದು ಕಂಟ್ರೋಲರ್ ಡಬ್ಬಿ ಇರುತ್ತದೆ, ಉಳಿದದ್ದನ್ನು ಕಾಯಿಲ್‌ಗೆ ಕಳಿಸುತ್ತದೆ. ನಾವು ಆ ಕಾಯಿಲ್ ಅನ್ನು ಬಚ್ಚಲಿನ ಟ್ಯಾಂಕಿನಲ್ಲಿ ಕೂರಿಸಿದ್ದೇವೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳ್ಳ ನಮಗೆ ಸ್ನಾನದ ನೀರು ಕಾಯಿಸುತ್ತದೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದುವುದು ತಪ್ಪಿತು.

ಕಷ್ಟವೂ ಇದೆ. ದರಕು, ಅಂದರೆ ಉದುರಿದ ಎಲೆ. ಜೋರು ಮಳೆ ಬಂದ ಮರುದಿನ ಪೈಪಿನ ಬಾಯಿಗೆ ದರಕು ಕಟ್ಟಿ ಲೈಟು ಕೆಂಪಗಾಗುತ್ತದೆ. ಕೊಡೆ ಹಿಡಿದು, ಕಾಲಿಗೆ ಸುಣ್ಣ ತಂಬಾಕು ಹಚ್ಚಿಕೊಂಡು ಉಂಬಳದ (ಜಿಗಣೆ) ಮಧ್ಯೆ ಹತ್ತಲೇಬೇಕು. ಅದಕ್ಕೆ ಬೇಸರ ಪಡುವವರು ಹಾಕಿಸಬೇಡಿ. ಫೆಬ್ರವರಿಗೆ ನಮ್ಮದು ನಿಲ್ಲುತ್ತದೆ. ಆಮೇಲೆ ಎರಡು ಸೋಲಾರ್ ಪ್ಯಾನಲ್, ಒಂದು ಬ್ಯಾಟರಿ. ಜೂನ್‌ವರೆಗೆ ಸಾಕು.

ಶಿರಸಿಯಿಂದ

ಎಲ್ಲರೂ ಕರೆಂಟಿನ ಮಾತೇ ಆಡುತ್ತಿದ್ದೀರಿ, ಅಡುಗೆಮನೆ ಯಾರಿಗೂ ನೆನಪಾಗಲಿಲ್ಲ ಅಲ್ವಾ?

ನಮ್ಮದು 2 ಘನಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ. ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ಐದು ಜನರ ಅಡುಗೆಗೆ ಸಾಕು. ಆದರೆ ನಿಮ್ಮ ನಾಲ್ಕು ದನ ಯಾವ ಜಾತಿ? ಮಲೆನಾಡು ಗಿಡ್ಡ ಆಗಿದ್ದು, ಹಗಲೆಲ್ಲ ಬೆಟ್ಟದಲ್ಲಿ ಮೇಯ್ದು ಬರುವುದಾದರೆ ಅರ್ಧ ಸಗಣಿ ಬೆಟ್ಟದಲ್ಲೇ ಬೀಳುತ್ತದೆ. ಆಗ 1 ಘನಮೀಟರಿನದೇ ಕಟ್ಟಿಸಿ. ಹೊಟ್ಟೆ ತುಂಬದ ಗುಂಡಿಯಲ್ಲಿ ಗ್ಯಾಸ್ ಆಗುವುದಿಲ್ಲ.

ಕೊಟ್ಟಿಗೆಗೆ ಫಿನಾಯಿಲ್ ಹಾಕಿದ ನೀರು ಗುಂಡಿಗೆ ಹೋಗಬಾರದು, ಒಳಗಿನ ಜೀವಾಣು ಸತ್ತರೆ ಗ್ಯಾಸ್ ನಿಂತ ಹಾಗೇ. ಚಳಿಯಲ್ಲಿ ಗ್ಯಾಸ್ ಸ್ವಲ್ಪ ಕಡಿಮೆ, ಬಿಸಿನೀರಲ್ಲಿ ಸಗಣಿ ಕದಡಿದರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ. ಒಂದು ದಿನ ಒಲೆ ಫಡ್ ಫಡ್ ಅಂತ ಹಾರಿ ಹಾರಿ ಉರಿಯಿತು. ಅತ್ತೆ ಹೆದರಿ ಹೊರಗೆ ಓಡಿದರು. ಏನೂ ಇಲ್ಲ, ಪೈಪಿನ ತಗ್ಗಿನಲ್ಲಿ ನೀರು ನಿಂತಿತ್ತು. ತಗ್ಗು ಇರುವಲ್ಲಿ ನೀರು ಬಿಡುವ ನಲ್ಲಿ ಇಡಲೇಬೇಕು. ಗಾರೆಯವರಿಗೆ ನೀವೇ ನಿಂತು ಹೇಳಿ.

ಗುಂಡಿಯಿಂದ ಹೊರಬರುವ ಸ್ಲರಿ (ಗ್ಯಾಸ್ ಹೋದ ಸಗಣಿ ರಾಡಿ) ಅಡಿಕೆ ಬುಡಕ್ಕೆ. ನನ್ನ ಕೇಳಿದರೆ ಗ್ಯಾಸಿಗಿಂತ ಅದೇ ದೊಡ್ಡ ಲಾಭ.

ಕುಮಟಾದಿಂದ

ಘಟ್ಟದ ಕೆಳಗಿನವರಿಗೆ ಒಂದು ಮಾತು. ಸೋಲಾರ್ ವಾಟರ್ ಹೀಟರ್ ಒಳ್ಳೆಯದೇ, ಆದರೆ ಸಮುದ್ರದ ಗಾಳಿಗೆ ಕಬ್ಬಿಣದ ಸ್ಟ್ಯಾಂಡ್ ನಾಲ್ಕೇ ವರ್ಷಕ್ಕೆ ಹುಡಿ ಹುಡಿ. ನಟ್ಟು ಬೋಲ್ಟು ಕೂಡ ಸ್ಟೀಲಿನದೇ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಂಗಿನ ಸಿಪ್ಪೆ ಮತ್ತು ಹಂಡೆಯೇ ಗತಿ. ಕೈಗಾದ ಅಣು ಸ್ಥಾವರದಲ್ಲಿ 880 ಮೆಗಾವ್ಯಾಟ್, ಮೇಲಿಂದ ಸೂಪಾ, ಕೊಡಸಳ್ಳಿ, ಕದ್ರಾ ಡ್ಯಾಮುಗಳ ಕರೆಂಟ್. ನಮ್ಮ ಜಿಲ್ಲೆಯ ದೀಪದ ಕೆಳಗೇ ಕತ್ತಲು ನೋಡಿ!

ಶಿರಸಿಯಿಂದ, ಇನ್ನೊಬ್ಬರು

ಅಡಿಕೆ ಬೇಯಿಸುವ ಒಲೆ ಹಳೇದಾಗಿದ್ದರೆ ಅದನ್ನೂ ಬದಲಿಸಿ. ಐಐಎಸ್‌ಸಿಯವರ ಅಸ್ತ್ರ ಒಲೆಯ ಮಾದರಿಯಲ್ಲಿ ಜಾಲರಿ, ಗಾಳಿಯ ಕಿಂಡಿ, ಹೊಗೆ ಕೊಳವೆ ಇಟ್ಟು ಕಟ್ಟಿಸಿದ್ದೇವೆ. ಹಂಡೆಯ ಸುತ್ತ ಬೆಂಕಿ ಸುತ್ತಿ ಹೋಗುತ್ತದೆ, ಕಟ್ಟಿಗೆ ಎದ್ದು ಕಾಣುವಷ್ಟು ಉಳಿದಿದೆ. ಒಣಗಿಸಲು ಪೈಪಿನ ಕಮಾನಿಗೆ 200 ಮೈಕ್ರಾನ್ ಯುವಿ ಶೀಟ್ ಹೊದೆಸಿದರೆ ಸಾಕು. ನವೆಂಬರ್ ಮೋಡ ಕಂಡಾಗ ಅಂಗಳಕ್ಕೆ ಓಡುವುದು ಬೇಡ. ಆದರೆ ಎರಡೂ ತುದಿಯಲ್ಲಿ ಗಾಳಿಗೆ ದಾರಿ ಬಿಡಿ, ಇಲ್ಲದಿದ್ದರೆ ಒಳಗೇ ಬೆವೆತು ಬೂಸಲು ಬರುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಂಗಡಿಯವರಿಗೆ ಸದ್ಯ ಬೇಡ ಅಂದೆ. ಇವತ್ತು ಅಪ್ಪನ ಜೊತೆ ಹಳ್ಳಕ್ಕೆ ಹೋಗಿ ಅಳೆದೆವು. ಅಪ್ಪ ಡ್ರಮ್ ಹಿಡಿದರು, ಮಗಳು ಮೊಬೈಲ್ ಒತ್ತಿದಳು. 60 ಲೀಟರ್ ತುಂಬಲು 10 ಸೆಕೆಂಡ್, ಇಳಿಜಾರು 18 ಮೀಟರ್. ಐದರ ಲೆಕ್ಕದಲ್ಲಿ 540 ವ್ಯಾಟ್. ದನ ನಾಲ್ಕೂ ಗಿಡ್ಡವೇ, ಹಾಗಾಗಿ ಗೋಬರ್ ಗ್ಯಾಸ್ 1 ಘನಮೀಟರಿನದೇ.

ಸಿದ್ದಾಪುರದ ಅಣ್ಣ, ಪೈಪಿನ ಬಾಯಿಗೆ ನೀವು ಎಂಥ ಜಾಲರಿ ಹಾಕಿದ್ದೀರಿ? ಒಂದು ಫೋಟೋ ಹಾಕಿ.