‘ಲಭ್ಯ ಮೆಮೊರಿ’: ಇರುವುದೋ, ಸಿಗುವುದೋ, ದಕ್ಕುವುದೋ?

ವರ್ಚುವಲ್ ಮೆಷಿನ್ (ವಿಎಂ, ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ಕುರಿತ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅವೈಲಬಲ್ ಮೆಮೊರಿ’ ಬಂದಲ್ಲೆಲ್ಲ ಸುಮ್ನೆ ‘ಲಭ್ಯ ಮೆಮೊರಿ’ ಅಂತ ಬರೆದುಕೊಂಡು ಹೋದೆ. ತಿರುಗಿ ಓದಿದಾಗ ಗೊತ್ತಾಯಿತು, ಒಂದೇ ಪುಟದಲ್ಲಿ ಅದು ಬೇರೆ ಬೇರೆ ಅರ್ಥ ಕೊಡುತ್ತಿದೆ.

ಒಂದು ಯಂತ್ರದಲ್ಲಿ 16 ಜಿಬಿ ರ‍್ಯಾಮ್ ಇದೆ ಅನ್ನಿ. ಹೋಸ್ಟ್ ಓಎಸ್, ಅಂದರೆ ಆ ಯಂತ್ರದ ಸ್ವಂತ ಆಪರೇಟಿಂಗ್ ಸಿಸ್ಟಂ, ಮಾತ್ರ 32 ಬಿಟ್‌ನ ವಿಂಡೋಸ್ 7. ಅದು 4 ಜಿಬಿಯ ಆಚೆ ಕಣ್ಣೆತ್ತಿಯೂ ನೋಡುವುದಿಲ್ಲ. ಅದರ ಮೇಲೆ, ಒಂದು ಸಾಮಾನ್ಯ ಪ್ರೋಗ್ರಾಮಿಗೆ ಅದು ಬಿಟ್ಟುಕೊಡುವ ವಿಳಾಸದ ಜಾಗ, ಅಂದರೆ ಆ ಪ್ರೋಗ್ರಾಂ ಮುಟ್ಟಬಲ್ಲ ಮೆಮೊರಿಯ ಮಿತಿ, 2 ಜಿಬಿ ಅಷ್ಟೇ. ವಿಎಂ ಓಡುವುದೂ ಅಂಥದ್ದೇ ಒಂದು ಪ್ರೋಗ್ರಾಮಿನೊಳಗೆ ಅಲ್ವಾ? ಹಾಗಾಗಿ ಇರುವುದು 16, ವಿಎಂಗೆ ಸಿಗುವುದು 2ಕ್ಕಿಂತ ಕಡಿಮೆ. ಎರಡಕ್ಕೂ ‘ಲಭ್ಯ’ ಎಂದರೆ ಓದುವವರು ಏನು ತಿಳಿಯಬೇಕು?

(ವಿಎಂ ಒಳಗೆ ಓಡುವ ಓಎಸ್‌ಗೆ ಗೆಸ್ಟ್ ಎನ್ನುತ್ತಾರೆ. ಹೋಸ್ಟ್, ಗೆಸ್ಟ್ ಪದಗಳನ್ನು ಹಾಗೇ ಉಳಿಸಿದ್ದೇನೆ. ‘ಆತಿಥೇಯ’, ‘ಅತಿಥಿ’ ಹಾಕಿ ನೋಡಿದೆ. ನಾಲ್ಕು ಸಾಲು ಓದುವಷ್ಟರಲ್ಲಿ ಯಾರು ಯಾರೆಂದು ನನಗೇ ತಪ್ಪಿತು.)

64 ಬಿಟ್ ಹೋಸ್ಟ್ ಆದರೆ ಆ ಗೋಡೆ ಇಲ್ಲ, ಆದರೆ ಪದದ ತೊಡಕು ಹೋಗುವುದಿಲ್ಲ. ಲಿನಕ್ಸ್‌ನ ‘ಫ್ರೀ’ ಕಮಾಂಡ್ ಕೊಟ್ಟರೆ ‘ಫ್ರೀ’, ‘ಅವೈಲಬಲ್’ ಎಂದು ಎರಡು ಕಾಲಂ ಬರುತ್ತವೆ. ಮೊದಲನೆಯದು ಯಾರೂ ಮುಟ್ಟದ್ದು. ಎರಡನೆಯದರಲ್ಲಿ, ಡಿಸ್ಕ್ ಕ್ಯಾಶ್‌ಗೆಂದು (ಡಿಸ್ಕ್‌ನಿಂದ ಓದಿದ್ದರ ಪ್ರತಿ ಇಟ್ಟುಕೊಳ್ಳಲು) ಹಿಡಿದಿಟ್ಟು ಬೇಕಾದಾಗ ಬಿಡಬಹುದಾದ ಮೆಮೊರಿಯೂ ಸೇರುತ್ತದೆ. ಇವಕ್ಕೆ ‘ಖಾಲಿ’, ‘ಸಿಗುವ’ ಸರಿಹೋಗುತ್ತವೆ. ವಿಎಂ ಶುರು ಮಾಡುವ ಮುಂಚೆ ನೋಡಬೇಕಾದ್ದು ಎರಡನೆಯದನ್ನು.

ಜಾಸ್ತಿ ಕಾಡಿದ್ದು ಬಲೂನಿನ ಅಧ್ಯಾಯ. ವಿಎಂಗೆ 4 ಜಿಬಿ ಕೊಟ್ಟಿದ್ದೇವೆ ಎಂದು ಸೆಟ್ಟಿಂಗ್ ಹೇಳುತ್ತದೆ. ಹೋಸ್ಟ್‌ಗೆ ಮೆಮೊರಿ ಸಾಲದೆ ಬಂದಾಗ, ಗೆಸ್ಟ್ ಒಳಗೆ ಕೂತ ಬಲೂನ್ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಉಬ್ಬುತ್ತದೆ. ಗೆಸ್ಟ್‌ನಿಂದಲೇ ಮೆಮೊರಿ ಕೇಳಿ ಪಡೆದು ಹೋಸ್ಟ್‌ಗೆ ಒಪ್ಪಿಸುತ್ತದೆ. ಬಲೂನ್ ಇಲ್ಲದಿದ್ದರೆ ಹೋಸ್ಟ್ ಗೆಸ್ಟ್‌ನ ಮೆಮೊರಿಯ ತುಣುಕುಗಳನ್ನು (‘ಪುಟ’ಗಳನ್ನು) ಡಿಸ್ಕ್‌ಗೆ ತಳ್ಳಬಹುದು. ಗೆಸ್ಟ್‌ಗೆ ಅದರ ಸುಳಿವೂ ಇರುವುದಿಲ್ಲ, ಎಲ್ಲ ನಿಧಾನವಾಗುತ್ತದೆ ಅಷ್ಟೇ. ಕೊಟ್ಟದ್ದು ಹೌದು, ಸಿಕ್ಕಿದ್ದೂ ಹೌದು, ಆದರೆ ಉಳಿಯಲಿಲ್ಲ.

ಇದಕ್ಕೆ ನಮ್ಮಲ್ಲಿ ‘ದಕ್ಕು’ ಇದೆಯಲ್ಲ! ‘ಆಸ್ತಿ ಸಿಕ್ಕಿತು, ದಕ್ಕಲಿಲ್ಲ’ ಎನ್ನುತ್ತೇವೆ. ಇಂಗ್ಲಿಷ್ ಮೂಲದಲ್ಲಿ ಈ ವ್ಯತ್ಯಾಸಕ್ಕೆ ಒಂದು ಪೂರ್ತಿ ವಾಕ್ಯ ಖರ್ಚಾಗಿದೆ. ನಾನು ‘ಇರುವ’, ‘ಸಿಗುವ’, ‘ಕೊಟ್ಟ’, ‘ದಕ್ಕಿದ’ ಎಂದು ನಾಲ್ಕಾಗಿ ಒಡೆಯೋಣ ಅಂದುಕೊಂಡಿದ್ದೇನೆ.

‘ದಕ್ಕಿದ ಮೆಮೊರಿ’ ತೆರೆಯ ಮೇಲೆ ಒಂದು ಕಾಲಂನ ತಲೆಬರಹವಾಗಿ ಕಂಡರೆ ನಿಮಗೆ ತಕ್ಷಣ ಅರ್ಥವಾಗುತ್ತದೆಯೇ? ಇಲ್ಲಾ, ವಾಕ್ಯದೊಳಗೆ ಮಾತ್ರ ಒಪ್ಪುವ ಪದವೇ ಇದು?