ಓಟದ ನಡುವೆ ತಿನ್ನುವ ಸವಾಲು: ತಯಾರಿ ಹೇಗೆ?

ಪ್ರಶ್ನೆ:
5 ಕಿಲೋಮೀಟರ್ ಓಟದ ಅರ್ಧದಾರಿಯಲ್ಲಿ 12 ಡೋನಟ್‌ಗಳನ್ನು ತಿಂದು ಮುಗಿಸಿ, ಉಳಿದ ದೂರವನ್ನು ಓಡಬೇಕಾದ ಸ್ಪರ್ಧೆಗೆ ಹೆಸರು ನೋಂದಾಯಿಸಿದ್ದೇನೆ. ಓಟದ ಅಭ್ಯಾಸ ನನಗಿದೆ. ಆದರೆ ತುಂಬಿದ ಹೊಟ್ಟೆಯಲ್ಲಿ ಓಡಲು ದೇಹವನ್ನು ಒಗ್ಗಿಸುವುದು ಸಾಧ್ಯವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ:
ಸ್ವಲ್ಪಮಟ್ಟಿಗೆ ಸಾಧ್ಯ. ಓಡುವಾಗ ರಕ್ತದ ಹರಿವು ಜಠರದಿಂದ ಸ್ನಾಯುಗಳ ಕಡೆಗೆ ತಿರುಗುವುದರಿಂದ ಜೀರ್ಣಕ್ರಿಯೆ ನಿಧಾನವಾಗುತ್ತದೆ. ಕೊಬ್ಬಿನಂಶವು ಜಠರ ಬರಿದಾಗುವುದನ್ನು ಇನ್ನಷ್ಟು ತಡಮಾಡುವ ಕಾರಣ, ತಿಂದದ್ದೆಲ್ಲ ದ್ವಿತೀಯಾರ್ಧದ ಉದ್ದಕ್ಕೂ ಹೊಟ್ಟೆಯಲ್ಲೇ ಇರುತ್ತದೆ ಎಂದು ಭಾವಿಸಿಯೇ ವೇಗವನ್ನು ನಿರ್ಧರಿಸಿಕೊಳ್ಳಿ. ವಾರಕ್ಕೊಮ್ಮೆ ಒಂದೆರಡು ಡೋನಟ್ ತಿಂದ ಕೂಡಲೇ ನಿಧಾನವಾಗಿ ಓಡಿ ನೋಡಿ, ಪ್ರಮಾಣವನ್ನು ಕ್ರಮೇಣ ಹೆಚ್ಚಿಸಿ. ಅಭ್ಯಾಸದಲ್ಲೇ ಪೂರ್ತಿ 12 ತಿನ್ನುವ ಅಗತ್ಯ ನನಗಂತೂ ಕಾಣುವುದಿಲ್ಲ. ಮೊದಲರ್ಧವನ್ನು ಏದುಸಿರು ಬರದಂತೆ ಓಡುವುದೇ ಜಾಣತನ, ಏಕೆಂದರೆ ಏದುಸಿರಿನಲ್ಲಿ ಅವಸರದಿಂದ ನುಂಗಿದರೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಎರಡನೆಯ ಉತ್ತರ:
ಹೊಟ್ಟೆ ಹಿಗ್ಗಲೆಂದು ವಿಪರೀತ ನೀರು ಕುಡಿಯುವಂತೆ ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಪಾಲಿಸಬೇಡಿ. ರಕ್ತದ ಸೋಡಿಯಂ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಹಿಂದಿನ ದಿನ ಉಪವಾಸವೂ ಬೇಡ. ಮಧುಮೇಹವಿದ್ದರೆ ವೈದ್ಯರನ್ನು ಕೇಳದೆ ಭಾಗವಹಿಸಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಡೋನಟ್‌ಗಳನ್ನು ಒತ್ತಿ ಚಪ್ಪಟೆ ಮಾಡಿಕೊಂಡು ತಿಂದರೆ ಅನುಕೂಲವಾದೀತೇ?

ಮೊದಲ ಉತ್ತರ ಬರೆದವರು:
ನಿಯಮ ಒಪ್ಪಿದರೆ ಮಾಡಬಹುದು. ಅಗಿಯುವ ಕೆಲಸ ಬೇಗ ಮುಗಿಯಬಹುದೇ ಹೊರತು, ಒಳಗೆ ಹೋಗುವ ಸಕ್ಕರೆ, ಎಣ್ಣೆ ಕಡಿಮೆಯಾಗುವುದಿಲ್ಲ. ವಾಂತಿಯಾದರೆ ಅನರ್ಹರೆಂದು ಘೋಷಿಸುತ್ತಾರೆಯೇ ಎಂಬುದನ್ನೂ ನಿಯಮಾವಳಿಯಲ್ಲಿ ನೋಡಿಕೊಳ್ಳಿ.